ಗೋಡೆಯ ಮೇಲಿನ ತಪ್ಪು ಬೆರಳು

"ಆ ಬೆರಳು ಬರೆದ ಪುಣ್ಯಾತ್ಗಿತ್ತಿ ಯಾರು? ಇಳೀರಿ ಕೆಳಗೆ!"

ಸೊವೆಟೊದ ಶೇರ್ ಟ್ಯಾಕ್ಸಿ ನಿಲ್ದಾಣವೆಲ್ಲ ತಿರುಗಿ ನೋಡಿತು. ಎಲ್ಲಿಗೆ ಹೋಗಲು ಯಾವ ಕೈಸನ್ನೆ ಮಾಡಿ ಟ್ಯಾಕ್ಸಿ ನಿಲ್ಲಿಸಬೇಕೆಂದು ಗೋಡೆಯ ಮೇಲೆ ಚಿತ್ರ ಬರೆಯುತ್ತಿದ್ದ ಆರು ಹೆಂಗಸರಲ್ಲಿ ದಿನೇಯೋ ಮಾತ್ರ ಏಣಿಯ ಮೇಲಿಂದ ಅಳುಕುತ್ತ ಇಣುಕಿದಳು.

ಕೂಗಿದವನು ತುಮೆಲೊ! ಮೂರು ವಾರದಿಂದ ದಿನಾ ಬೆಳಿಗ್ಗೆ ಅವಳಿಗೆ ಎಣ್ಣೆಯಲ್ಲಿ ಕರಿದ ಬಿಸಿ ಮಗ್ವಿನ್ಯಾ ತಂದುಕೊಟ್ಟು ಹಲ್ಲು ಕಿರಿಯುತ್ತಿದ್ದ ಡ್ರೈವರ್.

"ಬೆರಳು ಮೇಲೆತ್ತಿದ್ರೆ ಪಟ್ಟಣ, ಕೆಳಗೆ ತೋರಿಸಿದ್ರೆ ಇಲ್ಲೇ ಊರೊಳಗೆ. ಇಲ್ಲಿನ ಕೂಸಿಗೂ ಗೊತ್ತು! ನೀವು ಪಟ್ಟಣಕ್ಕೆ ಕೆಳಬೆರಳು ಬರ್ದಿದೀರಿ. ಹಳ್ಳಿಯಿಂದ ಬಂದ ಅಜ್ಜಿಯೊಬ್ಬಳು ಗೋಡೆ ನಂಬಿ, ಹಾಗೇ ಕೈ ಮಾಡಿ ನನ್ನ ಗಾಡಿ ಹತ್ತಿದ್ಲು. ಊರೊಳಗೇ ಸುತ್ತಿ ಪಟ್ಟಣದ ಕಣ್ಣಾಸ್ಪತ್ರೆ ಸರದಿ ತಪ್ಪೋಯ್ತು. ಇನ್ನು ನಾಲ್ಕು ತಿಂಗಳು ಕಾಯ್ಬೇಕಂತೆ!"

"ನಾನೇ... ನಾನೇ ಬರ್ದಿದ್ದು." ದಿನೇಯೋ ಏಣಿ ಇಳಿದಳು.

ತುಮೆಲೊ ಬೆಪ್ಪಾದ. "ನೀನಾ? ಇಲ್ಲೇ ಹುಟ್ಟಿ ಬೆಳೆದೋಳು ಅಂದಿದ್ಯಲ್ಲ?"

ಅವಳು ತಲೆ ತಗ್ಗಿಸಿದಳು. ಈ ಬಡಾವಣೆಯವರಿಗೆ ಮಾತ್ರ ಕೆಲಸ ಎಂದಾಗ ಚಿಕ್ಕಮ್ಮನ ವಿಳಾಸ ಕೊಟ್ಟು ಸುಳ್ಳು ಹೇಳಿದ್ದಳು. ಅವಳು ಹಳ್ಳಿಯಿಂದ ಬಂದು ಒಂದೂವರೆ ತಿಂಗಳಾಗಿತ್ತಷ್ಟೆ. ಇಲ್ಲಿ ಟ್ಯಾಕ್ಸಿ ಹತ್ತಿದವಳೇ ಅಲ್ಲ, ನಡೆದೇ ಬರುತ್ತಿದ್ದಳು. ಸನ್ನೆ ಯಾವುದೆಂದು ಕೇಳಿದರೆ ಗುಟ್ಟು ರಟ್ಟಾದೀತೆಂದು ಊಹೆಯ ಮೇಲೆ ಬರೆದುಬಿಟ್ಟಿದ್ದಳು.

'ಥೂ ನನ್ನ ಜನ್ಮಕ್ಕೆ! ನನ್ನಂತೆಯೇ ದಿಕ್ಕು ತಿಳಿಯದೆ ಬಂದ ಮುದುಕಿಯನ್ನು ದಾರಿ ತಪ್ಪಿಸಿದೆನಲ್ಲ...'

ಮಧ್ಯಾಹ್ನ ತುಮೆಲೊ ಮೇಲ್ವಿಚಾರಕಿ ಮಾ ಪುಲಾನೆಯ ಬಳಿ ಪಿಸುಗುಟ್ಟುತ್ತಿದ್ದುದು ಕಂಡಿತು. 'ಹೇಳೇಬಿಟ್ಟ! ಮಗ್ವಿನ್ಯಾ ಕೊಟ್ಟ ಕೈಯಲ್ಲೇ ಕುತ್ತಿಗೆ ಹಿಸುಕಿದ...'

ಅವನು ಅತ್ತ ಹೋದದ್ದೇ ದಿನೇಯೋ ಮೇಲ್ವಿಚಾರಕಿಯ ಬಳಿ ಬಂದು ಎಲ್ಲವನ್ನೂ ಒಪ್ಪಿಕೊಂಡಳು.

ಮಾ ಪುಲಾನೆ ಕಣ್ಣರಳಿಸಿದಳು. "ಅವನು ಬೇರೇನೇ ಹೇಳಿದ್ನಲ್ಲೇ! ತಾನೇ ತಮಾಷೆಗೆ ನಿನಗೆ ತಪ್ಪು ಸನ್ನೆ ಹೇಳಿಕೊಟ್ಟಿದ್ದು, ಹುಡುಗೀನ ಬಯ್ಬೇಡಿ ಅಂದ."

ದಿನೇಯೋಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನನ್ನು ಏನೆಂದುಕೊಂಡೆ!

"ನಿನ್ನ ಜಾಗದಲ್ಲಿ ಇಲ್ಲಿನವಳೊಬ್ಬಳು ದುಡೀಬೇಕಿತ್ತು. ನಾಳೆಯಿಂದ ಬರ್ಬೇಡಮ್ಮ. ಆದ್ರೆ ಆ ಬೆರಳು ಸರಿ ಮಾಡ್ದೆ ಹೋಗ್ಬೇಡ."

ಅವಳು ಮತ್ತೆ ಏಣಿ ಹತ್ತಿದಳು. ಕಣ್ಣೀರಿನಲ್ಲಿ ಗೋಡೆಯೇ ಕಾಣುತ್ತಿರಲಿಲ್ಲ.

"ಇಲ್ನೋಡು. ಇದನ್ನ ನೋಡ್ಕೊಂಡು ಬರಿ."

ಕೆಳಗೆ ತುಮೆಲೊ ತೋರುಬೆರಳು ಮೇಲೆತ್ತಿ ನಿಂತಿದ್ದ! ಅವನ ತುಂಬಿದ ಗಾಡಿಯಿಂದ ಹೆಂಗಸೊಬ್ಬಳು ಕೂಗಿದಳು: "ಏ ತಮ್ಮಾ, ಪ್ರೀತಿ ಆಮೇಲೆ ಮಾಡು, ನಮ್ಗೆ ಹೊತ್ತಾಯ್ತು!"

ಅವನು ಕೈ ಇಳಿಸಲಿಲ್ಲ. "ನಂಗ್ಯಾಕೆ ಸುಳ್ಳು ಹೇಳ್ದೆ?"

"ಹಳ್ಳಿಯೋಳು ಅಂತ ಗೊತ್ತಾದ್ರೆ ನಗ್ತೀಯ ಅಂತ..."

"ನಗ್ತಿದ್ದೆ. ನಕ್ಕು ಎಲ್ಲಾ ಸನ್ನೆ ಹೇಳಿಕೊಡ್ತಿದ್ದೆ. ನಿನ್ಮೇಲೆ ಮನಸ್ಸಾಗಿದೆ ಕಣೆ, ಅಷ್ಟೂ ಗೊತ್ತಾಗಲ್ವಾ?"

ಬೆರಳು ಮುಗಿಸಿ ಅವಳು ಕೆಳಗಿಳಿದಳು. ಅವನ ಮುಖ ನೋಡಲು ಇನ್ನೂ ನಾಚಿಕೆ.

"ಆ ಅಜ್ಜಿ ಮನೆ ಗೊತ್ತಾ? ಕಾಲು ಹಿಡಿದು ತಪ್ಪಾಯ್ತು ಅನ್ಬೇಕು."

"ನಾಳೆ ಆರಕ್ಕೆ ರಸ್ತೆ ಪಕ್ಕ ನಿಂತಿರು, ಕರ್ಕೊಂಡ್ ಹೋಗ್ತೀನಿ."

"ಬೆರಳು... ಮೇಲೆ ಮಾಡ್ಲಾ, ಕೆಳಗಾ?"

"ಹೆಂಗಾದ್ರೂ ಮಾಡು. ನಾನು ನಿಲ್ಲಿಸ್ತೀನಿ."