ಲೇಥಿನ ಕೊನೆಯ ಕಟ್

ವರ್ನಿಯರ್‌ನಲ್ಲಿ ಇಪ್ಪತ್ನಾಲ್ಕು ಮಿಲಿಮೀಟರ್ ಬರಬೇಕಿತ್ತು. ಇಪ್ಪತ್ಮೂರೂವರೆ ತೋರಿಸುತ್ತಿತ್ತು. ಪಂಚಶೀಲಾ ಕಣ್ಣುಜ್ಜಿಕೊಂಡು ಮತ್ತೆ ಅಳೆದಳು. ಮತ್ತೂ ಅಷ್ಟೇ. ಜಾಬ್, ಅಂದರೆ ಲೇಥಿಗೆ ಕೊಟ್ಟ ಕಬ್ಬಿಣದ ರಾಡು, ದಪ್ಪವಿದ್ದರೆ ಇನ್ನಷ್ಟು ಕೊರೆಯಬಹುದು. ಕಮ್ಮಿಯಾದ ಕಬ್ಬಿಣವನ್ನು ಯಾರಪ್ಪ ಬಂದರೂ ತುಂಬಲಾರ.

ಅದು ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ. ಪಾಸಾದರೆ ಮುಂದಿನ ತಿಂಗಳೇ ಪುಣೆಯ ಕಂಪನಿಯಲ್ಲಿ ಕೆಲಸ. ಕ್ಲಾಸಿನಿಂದ ಇಬ್ಬರಷ್ಟೇ ಆಯ್ಕೆಯಾಗಿದ್ದರು: ಅವಳು, ಮತ್ತು ಪಕ್ಕದ ಲೇಥಿನ ದಿಲೀಪ.

ಅಳತೆಯಲ್ಲಿ ತಪ್ಪುವವಳಲ್ಲ ಅವಳು. ಕೊರೆಯುವ ಮೊನೆಗೆ ಸರಿಯಾಗಿ ಡಯಲ್ಲನ್ನು ಸೊನ್ನೆಗೆ ತಂದಿಟ್ಟೇ ನೀರು ಕುಡಿಯಲು ಹೋಗಿದ್ದಳು, ಬಂದು ಕೊನೆಯ ಕಟ್ ಕೊಟ್ಟಿದ್ದಳು. ಈಗ ಬಗ್ಗಿ ನೋಡಿದರೆ, ಕಬ್ಬಿಣ ಕೊರೆಯುವ ಟೂಲು ಕೂದಲೆಳೆಯಷ್ಟು ಮುಂದೆ ಬಂದಿದೆ. ತುದಿ ಹೊಸದಾಗಿ ಮಸೆದ ಹಾಗೆ ಹೊಳೆಯುತ್ತಿದೆ.

"ಯಾರ್ ಮುಟ್ಟ್ಯಾರ ನನ್ನ ಟೂಲ್?"

ದಿಲೀಪನ ಮುಖ ಬಿಳಿಚಿತು. "ನಾನ... ತುದಿ ಮೊಂಡ ಆಗಿತ್ತು. ನೀ ನೀರ ಕುಡ್ಯಾಕ ಹೋದಾಗ ಮಸದು ಹಾಕ್ದೆ."

"ಯಾಕ? ನಾ ಫೇಲಾದ್ರ ಒಬ್ಬನ ಪುಣೆಕ ಹೋಗ್ಬೋದಂತೇನು?"

ಸೊನ್ನ ಊರಿನ ಈ ಹುಡುಗ ಮಾತಿನಲ್ಲಿ ಯಾವತ್ತೂ ಹಿಂದೆ, ನೋಡುವುದರಲ್ಲಿ ಮಾತ್ರ ಮುಂದೆ. ಅವಳು ಜಡೆಯನ್ನು ಏಪ್ರನ್ನಿನೊಳಗೆ ಸಿಕ್ಕಿಸಿಕೊಳ್ಳುವುದನ್ನು ಎರಡು ವರ್ಷ ಕದ್ದು ನೋಡಿದ್ದಾನೆ. ಅವಳಿಗದು ಗೊತ್ತು. ಒಂದೊಂದು ಸಲ ಬೇಕೆಂದೇ ನಿಧಾನವಾಗಿ ಸಿಕ್ಕಿಸಿದ್ದೂ ಉಂಟು. ಅಂಥವನೇ ಹೀಗೆ ಮಾಡಿದನಲ್ಲ!

ದಿಲೀಪ ತನ್ನ ಮಷೀನು ಬಂದ್ ಮಾಡಿ, ನೇರ ಪರೀಕ್ಷಕ ಜಯತೀರ್ಥ ಸರ್ ಮುಂದೆ ಹೋಗಿ ನಿಂತ.

"ಸರ್, ಪಂಚಶೀಲಾನ ಜಾಬ್ ಕೆಟ್ಟಿದ್ದು ನನ್ನಿಂದರಿ. ಆಕೀಗಿ ಹೇಳಲಾರದ ಟೂಲ್ ತಗದು ಮಸದೇನ್ರಿ."

"ಪರೀಕ್ಷಾದಾಗ ಇನ್ನೊಬ್ರ ಮಷೀನ್ ಮುಟ್ಟಿದ್ರ ಏನಾಗ್ತದ ಗೊತ್ತದೇನು?"

"ಗೊತ್ತದರಿ. ದಿನಾ ಮಸೀತಿದ್ದೆರಿ ಸರ್. ಒಮ್ಮೆ ಮಸಿಯೂವಾಗ ಗ್ರೈಂಡರಿನ ಕಿಡಿ ಸಿಡಿದು ಆಕೀ ಕೈ ಸುಟ್ಟಿತ್ತರಿ. ಅವತ್ತಿನಿಂದ ಆಕಿ ಬರೂದ್ರೊಳಗ ನಾ ಮಸದು ಇಡ್ತಿದ್ದೆ. ಇವತ್ತ ಆಕಿ ಡಯಲ್ ಸೊನ್ನೆಗೆ ಹಿಡಿದಿದ್ದು ನೋಡ್ಲಿಲ್ರಿ."

ಪಂಚಶೀಲಾ ಕೈಯಲ್ಲಿದ್ದ ವರ್ನಿಯರ್ ಕೆಳಗಿಟ್ಟಳು. ತನ್ನ ಟೂಲು ಮೊಂಡಾಗುವುದೇ ಇಲ್ಲ, ಎಲ್ಲ ಕೈಗುಣ ಎಂದು ಗೆಳತಿಯರ ಮುಂದೆ ಎರಡು ವರ್ಷ ಜಂಭ ಕೊಚ್ಚಿಕೊಂಡಿದ್ದಳು!

ಸರ್ ಅವಳಿಗೆ ಹೊಸ ರಾಡ್ ಕೊಟ್ಟರು. ದಿಲೀಪನ ಹೆಸರಿನ ಮುಂದೆ ಕೆಂಪು ಗೆರೆ ಎಳೆದರು. ಅವನಿಗೆ ಮತ್ತೆ ಪರೀಕ್ಷೆ ಆರು ತಿಂಗಳ ಮೇಲೆ. ಅವನು ಏಪ್ರನ್ ಬಿಚ್ಚಿ ಮಡಚಿಟ್ಟು ಹೊರಟ. ಅವಳು ಮೂಗು ಒರೆಸಿಕೊಳ್ಳುತ್ತಲೇ ಕೊರೆದಳು. ಸಂಜೆ ವರ್ನಿಯರ್ ಇಪ್ಪತ್ನಾಲ್ಕು ತೋರಿಸಿತು.

ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಅವನು ಇನ್ನೂ ತನ್ನೂರಿನ ಕಡೆಯ ಅಫಜಲಪುರದ ಬಸ್ಸಿಗೆ ಕಾಯುತ್ತಿದ್ದ. ಅವಳೂರು ನೆಲೋಗಿಯ ಬಸ್ಸು ಎದುರಿಗೇ ನಿಂತಿತ್ತು. ಅವಳು ಹತ್ತಲಿಲ್ಲ, ಅವನ ಪಕ್ಕ ಬಂದು ಕುಳಿತಳು.

"ಜಾಬ್ ಛಲೋ ಬಂತೇನು?" ಅವನೇ ಕೇಳಿದ.

"ಬಂತು. ಸುಳ್ಳೇ ನಿನಗ ಬೈದೆ, ತಪ್ಪಾತು. ಆದ್ರ ನನಗ ಮೊದ್ಲ ಹೇಳಾಕ ಏನಾಗಿತ್ತ ಲೇ?"

"ಏನಂತ ಹೇಳ್ಲಿ? ಟೂಲ್ ಮಸದೇನಂತ?"

"ಯಾಕ ಮಸದಿ ಅಂತ."

ಅವನು ನೆಲ ನೋಡಿದ. ಕಿವಿ ಕೆಂಪಾದವು. "ನೀ ಅಂದ್ರ ನನಗ ಭಾಳ ಜೀವ, ಪಂಚಶೀಲಾ. ಅಷ್ಟ."

ಅವಳಿಗೆ ಎದೆ ತುಂಬಿ ಬಂತು. ನೆಲೋಗಿ ಬಸ್ಸು ಹಾರ್ನ್ ಹೊಡೆದು ಹೊರಟೇಹೋಯಿತು.

"ನೀ ಪುಣೆಕ ಹೋಗು," ಎಂದ ಅವನು.

"ಹೋಗೇ ಹೋಗ್ತೇನಿ. ನೀ ಪಾಸಾಗಿ ಬಾ. ಆರ್ ತಿಂಗಳ ಏನ್ ಮಹಾ, ಕಾಯೂದು."

"ಕಂಪನಿಯವ್ರು ಅಲ್ಲೀತನಕ ಕಾಯೂದಿಲ್ಲ."

ಪಂಚಶೀಲಾ ಅವನ ಮುಖವನ್ನೇ ನೋಡಿದಳು. "ಕಂಪನಿ ಮಾತ ಯಾರ್ ತಗದಾರ? ನಾ ಕಾಯ್ತೇನಿ."