ಅಳಿಸಲಾಗದ ಕರೆ

ಸೋಮವಾರ ಬೆಳಿಗ್ಗೆ ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನ ಮೇಲ್ವಿಚಾರಕಿ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಹಿಂದಿನ ತಿಂಗಳು ಬಂದ ಕರೆಗಳೆಲ್ಲ ಧ್ವನಿಮುದ್ರಣವಾಗಿದ್ದ ಡೇಟಾಬೇಸ್ ಕೆಟ್ಟು ಕೂತಿತ್ತು. ಬ್ಯಾಕಪ್ ಪ್ರತಿಯ ಗತಿಯೂ ಅದೇ.

"ತಾನಾಗೇ ಕೆಟ್ಟಿರಬಹುದಲ್ವಾ?" ಇನ್ಸ್‌ಪೆಕ್ಟರ್ ಕೇಳಿದರು.

"ಒಂದು ಕೆಡಬಹುದು ಸಾರ್. ಎರಡೂ ಒಟ್ಟಿಗೆ ಕೆಡಲ್ಲ."

ಎಫ್‌ಐಆರ್ ದಾಖಲಾಯಿತು. ಕಂಟ್ರೋಲ್ ರೂಮಿನ ಹಿಂದಿನ ತಣ್ಣನೆಯ ಕೋಣೆಯಲ್ಲಿ ಪಂಚನಾಮೆ ನಡೆಯುವಾಗ, ಡೇಟಾಬೇಸ್ ನೋಡಿಕೊಳ್ಳುವವನೇ ಸ್ಕ್ರೂ ಬಿಚ್ಚಿ ಡಿಸ್ಕುಗಳನ್ನು ತೆಗೆದುಕೊಟ್ಟ. ಸತ್ತ ಕಂಪ್ಯೂಟರಿಗೂ ಜೀವ ಬರಿಸುತ್ತಾನೆಂದು ಅಲ್ಲಿಯವರು ಅವನನ್ನು 'ಡಾಕ್ಟ್ರು' ಎನ್ನುತ್ತಿದ್ದರು. ಅವನ ಗಡ್ಡ ಬೆಳೆದಿತ್ತು. ಕಣ್ಣು ಯಾರ ಮುಖದ ಮೇಲೂ ನಿಲ್ಲುತ್ತಿರಲಿಲ್ಲ.

"ಹೋದ ತಿಂಗಳು ಇವರ ಮಗಳು ತೀರ್ಕೊಂಡ್ಲಂತೆ ಸಾರ್," ಹೊರಗೆ ಬಂದಾಗ ಮಹಿಳಾ ಕಾನ್‌ಸ್ಟೆಬಲ್ ತಗ್ಗಿದ ದನಿಯಲ್ಲಿ ಹೇಳಿದಳು. "ಉಸಿರಾಟದ ತೊಂದರೆ. ಆಂಬ್ಯುಲೆನ್ಸ್ ಬರೋದು ತಡವಾಯ್ತಂತೆ."

ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞೆ ಮೊದಲು ಡಿಸ್ಕಿನ ಯಥಾಪ್ರತಿ ತೆಗೆದು, ಮೂಲವನ್ನು ಮುಟ್ಟದೆ, ಆ ಪ್ರತಿಯ ಮೇಲಷ್ಟೇ ಕೆಲಸ ಮಾಡಿದಳು. ಬುಧವಾರ ಫೋನ್ ಬಂತು.

"ಫೈಲಿನ ತಲೆಭಾಗ ಮಾತ್ರ ಕೆಡಿಸಿದಾರೆ ಸಾರ್. ಮನೆ ಬಾಗಿಲು ಕಿತ್ತಿದಾರೆ, ಒಳಗಿನ ಸಾಮಾನು ಹಾಗೇ ಇದೆ. ಕರೆಗಳೆಲ್ಲ ಸಿಕ್ಕಿವೆ."

"ಯಾರ ಕೆಲಸ?"

"ಶನಿವಾರ ಡಾಕ್ಟ್ರ ಪಾಸ್‌ವರ್ಡಿಂದ ಬ್ಯಾಕಪ್ ನಿಲ್ಸಿದಾರೆ. ಆಮೇಲೆ ಎರಡೂ ಪ್ರತಿಗೆ ಕೈ ಹಾಕಿದಾರೆ."

ಆ ತಿಂಗಳ ಕರೆಗಳನ್ನು ಕೇಳಲು ಯಾರಾದರೂ ಅರ್ಜಿ ಹಾಕಿದ್ದರೇ ಎಂದು ಇನ್ಸ್‌ಪೆಕ್ಟರ್ ಮೇಲ್ವಿಚಾರಕಿಯನ್ನು ವಿಚಾರಿಸಿದರು. ಹಾಕಿದ್ದವಳು ಒಬ್ಬಳೇ, ಡಾಕ್ಟ್ರ ಹೆಂಡತಿ. ದೂರು ಬಂದ ಆ ಸೋಮವಾರವೇ ಆಕೆಗೆ ಕೇಳಿಸುವುದೆಂದು ನಿಗದಿಯಾಗಿತ್ತು.

ಮಗು ತೀರಿಕೊಂಡ ದಿನ ಆಕೆ ಮಾಡಿದ್ದ ಕರೆಯನ್ನು ಇನ್ಸ್‌ಪೆಕ್ಟರ್ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಹೆಂಗಸು ಏದುಸಿರು ಬಿಡುತ್ತ ವಿಳಾಸ ಹೇಳುತ್ತಿದ್ದಳು. ಅರ್ಜಿಯಲ್ಲಿದ್ದ ವಿಳಾಸವೇ ಬೇರೆ, ಬೀದಿಯೇ ಬೇರೆ. ಹೆಡ್‌ಫೋನ್ ತೆಗೆದಿಟ್ಟು ಅವರು ಅರ್ಜಿಯನ್ನು ಮತ್ತೊಮ್ಮೆ ಓದಿದರು.

ಸಂಜೆ ಡಾಕ್ಟ್ರನ್ನು ಠಾಣೆಗೆ ಕರೆಸಿದರು.

"ನೀವು ಈ ಕರೆ ಕೇಳಿದೀರಾ?"

"ಕೇಳಿದೀನಿ."

"ಎಲ್ಲಿಯ ವಿಳಾಸ ಅದು?"

"ಹಳೇ ಮನೇದು. ಮನೆ ಬದಲಾಯಿಸಿ ಇನ್ನೂ ಹೆಚ್ಚು ದಿನ ಆಗಿರ್ಲಿಲ್ಲ. ಗಾಬರೀಲಿ ಬಾಯಿಗೆ ಅದೇ ಬಂದಿದೆ. ಅವಳಿಗದು ಗೊತ್ತಿಲ್ಲ ಸಾರ್. ಗೊತ್ತಾದ್ರೆ ಜೀವ ಉಳಿಸ್ಕೊಳ್ಳಲ್ಲ."

"ಅದೊಂದನ್ನೇ ಅಳಿಸ್ಬಹುದಿತ್ತಲ್ಲ?"

"ಒಂದೇ ಇಲ್ಲ ಅಂದ್ರೆ ಯಾಕಿಲ್ಲ ಅಂತ ಕೇಳ್ತಾರೆ. ಎಲ್ಲಾ ಕೆಟ್ರೆ, ಯಂತ್ರ ಕೆಟ್ಟೋಯ್ತು ಅಂತಾರೆ."

"ಪೂರ್ತಿ ಅಳಿಸೋಕೆ ನಿಮಗೆ ಬರ್ತಿತ್ತು. ತಲೆಭಾಗ ಕೆಡಿಸಿ ಯಾಕೆ ಬಿಟ್ರಿ?"

ಅವನು ಅಂಗೈಗಳನ್ನು ಮೇಜಿನ ಮೇಲೆ ಒತ್ತಿ ಹಿಡಿದ.

"ಹಿಂದುಗಡೆ ಮಗು ದನಿ ಇದೆ ಸಾರ್. ಅಪ್ಪ ಎಲ್ಲಿ ಅಂತ ಕೇಳ್ತಾಳೆ. ಕೈ ಬರ್ಲಿಲ್ಲ."

ಸಾಕ್ಷ್ಯನಾಶದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ವಿಷಯ ತಿಳಿಸಲು ಇನ್ಸ್‌ಪೆಕ್ಟರ್ ಅವನ ಹೆಂಡತಿಯನ್ನು ಕರೆಸಿದರು. ಆಕೆಯೇ ಮೊದಲು ಕೇಳಿದಳು.

"ನಾನು ಹಳೇ ಮನೆ ವಿಳಾಸ ಹೇಳಿದೀನಿ. ಅಲ್ವಾ ಸಾರ್?"

"ನಿಮಗೆ ಗೊತ್ತಿತ್ತಾ?"

"ಫೋನ್ ಇಟ್ಟಾಗಿಂದ ಅದೇ ಅನುಮಾನ. ಇವರಿಗೆ ಹೆಂಗೆ ಹೇಳ್ಲಿ? ಒಂದು ಸಲ ಕೇಳೋಣ, ಸರಿಯಾಗೇ ಹೇಳಿರ್ಬೋದೇನೋ ಅಂತ ಒಂದಾಸೆ. ಅದಕ್ಕೇ ಅರ್ಜಿ ಹಾಕ್ದೆ."

ಒಂದೇ ಮನೆಯಲ್ಲಿ ಇಬ್ಬರೂ ಅದೇ ಮಾತನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟು ಬದುಕಿದ್ದರು. ಇನ್ಸ್‌ಪೆಕ್ಟರ್ ಕಾನ್‌ಸ್ಟೆಬಲ್ ಕಡೆ ನೋಡಿದರು. ಅವಳು ಡಾಕ್ಟ್ರು ಕೂತಿದ್ದ ಒಳಕೋಣೆಗೆ ಹೋಗಿ, ಅವನ ಪಕ್ಕಕ್ಕೆ ಹೆಂಡತಿಗೆಂದು ಇನ್ನೊಂದು ಕುರ್ಚಿ ಎಳೆದು ಹಾಕಿದಳು.