ಬೆರಳಡಿಯ ದನಿ

ನಮ್ಮ ಪರಿಚಯ ಶುರುವಾದದ್ದೇ ನನ್ನ ಸಿಟ್ಟಿನಿಂದ. ಕ್ಯಾಮೆರಾ ಅಂಗಡಿಯ ಗಾಜಿನ ಮೇಜಿನ ಮೇಲೆ, ಅಲ್ಲಿ ಸೇಲ್ಸ್‌ಮನ್ ಆಗಿದ್ದ ಅವನು ಮೊದಲು ತೆಗೆದಿಟ್ಟದ್ದು ಇದ್ದುದರಲ್ಲೇ ಅಗ್ಗದ ಕ್ಯಾಮೆರಾ.

“ನಾನು ಕೇಳಿದ್ದು ವಿಡಿಯೋ ಕ್ಯಾಮೆರಾ. ಇದೇನಿದು, ಸೋಪಿನ ಡಬ್ಬಿ ಇದ್ದ ಹಾಗಿದೆ?”

“ಇದೂ ವಿಡಿಯೋ ಕ್ಯಾಮೆರಾನೇ ಮೇಡಂ. ಜೇಬಲ್ಲಿ ಹಾಕ್ಕೊಂಡು ಓಡಾಡಬಹುದು.”

“ದೊಡ್ಡದು ತೋರಿಸೋಕಾಗಲ್ವಾ? ನನ್ನ ಚಪ್ಪಲಿ ನೋಡಿ ಅಳೆದುಬಿಟ್ರಾ?”

ಅವನು ಬಗ್ಗಿ ನಿಜವಾಗಿಯೂ ನನ್ನ ಚಪ್ಪಲಿ ನೋಡಿದ. ಆಮೇಲೆ ಕೊರಳು ನೋಡಿದ. “ಅಳೆಯೋ ಟೇಪು ನಿಮ್ಮ ಹತ್ರ ಇದೆ ಮೇಡಂ, ನನ್ನ ಹತ್ರ ಇಲ್ಲ.”

ಮುಟ್ಟಿ ನೋಡಿಕೊಂಡೆ. ಟೇಪು ಕೊರಳಲ್ಲೇ ನೇತಾಡುತ್ತಿತ್ತು. ನಾನು ಎದುರಿನ ರೆಡಿಮೇಡ್ ಬಟ್ಟೆ ಅಂಗಡಿಯಲ್ಲಿ ಆಲ್ಟರೇಷನ್ ಮಾಡುವವಳು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು ನನ್ನ ಕೆಲಸ. ಊಟದ ಬಿಡುವಿನಲ್ಲಿ ಗಡಿಬಿಡಿಯಿಂದ ಓಡಿ ಬಂದಿದ್ದೆ. ಹಿಂದೆ ನಿಂತಿದ್ದ ಅಪ್ಪ ನಗಲು ಹೋಗಿ ಕೆಮ್ಮಿದರು.

ಆ ಕೆಮ್ಮಿಗಾಗಿಯೇ ನಾವು ಅಲ್ಲಿಗೆ ಹೋದದ್ದು. ಅಪ್ಪ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಮೈಕಿನ ಮುಂದೆ ಕೂತವರು. ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಇಡೀ ಊರಿಗೆ ಹೇಳುತ್ತಿದ್ದ ದನಿ ಅವರದು. ಆ ದನಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ. ದಿನಾ ಪುಕ್ಕಟೆ ಸಿಗುವುದನ್ನು ಯಾರು ತಾನೇ ಜೋಪಾನ ಮಾಡುತ್ತಾರೆ? ಈಗ ಹನ್ನೆರಡು ದಿನದಲ್ಲಿ ಆಪರೇಷನ್ ಇತ್ತು. ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಹೋಗುತ್ತದೆ ಎಂದಿದ್ದರು ಡಾಕ್ಟರು.

ಈಗಿನ ಹುಡುಗಿಯರಿಗೆ ಇದನ್ನು ಹೇಳಿದರೆ ನಗುತ್ತಾರೆ. ಆಗ ನಮ್ಮಂಥವರ ಫೋನು ಮಾತಾಡುವುದಕ್ಕೆ ಮಾತ್ರ ಇತ್ತು. ಒಂದು ದನಿ ಉಳಿಸಿಕೊಳ್ಳಬೇಕಾದರೆ ಅಂಗಡಿಗೆ ಹೋಗಿ ನಿಂತು, ಮೂರು ಸಲ ತಿರುಗಿಸಿ ನೋಡಿ, ನಾಲ್ಕು ಸಲ ಯೋಚಿಸಬೇಕಿತ್ತು.

“ಯಾವುದಕ್ಕೆ ಬೇಕು ಮೇಡಂ?” ಎಂದು ಅವನು ಕೇಳಿದ.

“ಸುಮ್ನೆ. ಮನೆಗೆ.”

ನಿಜ ಹೇಳಬಾರದೆಂದು ಅಪ್ಪನ ಕಟ್ಟಪ್ಪಣೆಯಾಗಿತ್ತು. ಅಯ್ಯೋ ಪಾಪ ಅನ್ನಿಸಿಕೊಂಡು ಸಾಮಾನು ತರಬಾರದು ಎನ್ನುವುದು ಅವರ ಹಟ.

“ಮನೆಗೆ ಅಂದ್ರೆ ದೊಡ್ಡದು ಬೇಡವೇ ಬೇಡ. ಜೂಮಿಗೆ ಅಂತ ದುಡ್ಡು ಸುರೀತೀರಿ. ಮನೇಲಿ ಯಾರನ್ನ ಜೂಮ್ ಮಾಡ್ತೀರಾ? ಎರಡು ಹೆಜ್ಜೆ ಮುಂದೆ ಹೋಗಿ, ಅಷ್ಟೇ.”

“ಮಾರೋಕೆ ಕೂತವರೋ, ಬೇಡ ಅನ್ನೋಕೆ ಕೂತವರೋ?”

“ಬೇಡದ್ದನ್ನ ಬೇಡ ಅಂತೀನಿ ಮೇಡಂ.”

ಅಂಗೈಯಲ್ಲಿ ಮುಚ್ಚಿಹೋಗುವಂಥ ಮೂರನ್ನು ಸಾಲಾಗಿ ಇಟ್ಟ. ಕೆಂಪಿನದಕ್ಕೆ ಪರದೆ ದೊಡ್ಡದು, ಚಾರ್ಜ್ ಬೇಗ ಇಳಿಯುತ್ತದೆ. ಕಪ್ಪಿನದಕ್ಕೆ ಬಣ್ಣ ಚೆನ್ನ, ಬೆಲೆ ಚೆನ್ನಾಗಿಲ್ಲ. ಬಿಳಿಯದಕ್ಕೆ ಪೆನ್ಸಿಲ್ ಸೆಲ್ ಹಾಕಿದರೆ ಸಾಕು, ಒಂದು ಗಂಟೆಯ ಚಿತ್ರ ಹಿಡಿಯುತ್ತದೆ, ಪಕ್ಕದಿಂದ ಯುಎಸ್‌ಬಿ ಕಡ್ಡಿ ಎಳೆದು ನೇರವಾಗಿ ಕಂಪ್ಯೂಟರಿಗೆ ಚುಚ್ಚಬಹುದು. ಅಪ್ಪ ಟ್ರಯಲ್‌ಗೆ ಇಟ್ಟಿದ್ದ ಕಪ್ಪಿನದನ್ನು ಎತ್ತಿಕೊಂಡು ಅಂಗಡಿಯೆಲ್ಲ ಅಡ್ಡಾಡಿ ಚಿತ್ರ ಹಿಡಿಯತೊಡಗಿದರು. ಏನೋ ಗೊಣಗುತ್ತಲೂ ಇದ್ದರು. ಸೆಲ್ಲು ದುಬಾರಿಯೋ ಚಾರ್ಜರು ದುಬಾರಿಯೋ ಎಂಬ ನಮ್ಮ ಜಗಳದಲ್ಲಿ ಅದು ನನ್ನ ಕಿವಿಗೆ ಬೀಳಲಿಲ್ಲ.

ಕೊನೆಗೆ ಬಿಳಿಯದೇ ಆಯಿತು. ಹಿಡಿಯುವುದು ಹೇಗೆಂದು ತೋರಿಸಲು ಅವನು ಕ್ಯಾಮೆರಾವನ್ನು ನನ್ನತ್ತ ತಿರುಗಿಸಿದ. ನನ್ನನ್ನು ನೇರವಾಗಿ ನೋಡಲು ನಾಚಿ ಪರದೆ ನೋಡಿದ. ಪರದೆಯಲ್ಲೂ ನಾನೇ ಇದ್ದೆ. ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು, ಕಾಣದವಳ ಹಾಗೆ ರಸೀದಿ ಓದಿದೆ.

“ಆ ಲೆನ್ಸಪ್ಪ ಒಳ್ಳೆಯವನು ಕಣೇ ಸಿಡುಕಮ್ಮಾ,” ಎಂದರು ಅಪ್ಪ ದಾರಿಯಲ್ಲಿ. ಸಿಡುಕಮ್ಮ ಅಂದರೆ ನಾನು. ಲೆನ್ಸಪ್ಪ ಅಂದರೆ ಅವನು, ಆ ಕ್ಷಣದಿಂದ.

“ನಿಮಗೆ ಎಲ್ಲರೂ ಒಳ್ಳೆಯವರೇ.”

“ಎಲ್ಲರೂ ಅಲ್ಲ. ನಿಮ್ಮ ಓನರ್‌ನ ನಾನು ಯಾವತ್ತಾದ್ರೂ ಒಳ್ಳೆಯವನು ಅಂದಿದೀನಾ?”

ಹತ್ತು ದಿನ ಅಪ್ಪ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ನಾನು ಹಿಡಿದ ಕ್ಯಾಮೆರಾದ ಎದುರು ಕೂತರು. ಎಲ್ಲ ಬಸ್ಸುಗಳನ್ನೂ ಒಂದೊಂದಾಗಿ ಕರೆದರು. ಈಗಿಲ್ಲದ ನನ್ನ ಅಮ್ಮ ಎರಡನೇ ಪ್ಲಾಟ್‌ಫಾರಂನಲ್ಲಿ ಬಸ್ಸು ತಪ್ಪಿಸಿಕೊಂಡು ಅವರ ಕಿಟಕಿಗೆ ಬಂದು ಜಗಳ ಆಡಿದ ಕಥೆ ಹೇಳಿದರು. ಹಾಕಿ ಕೇಳೋಣ ಎಂದರೆ ಬಿಡಲಿಲ್ಲ. “ಮನುಷ್ಯ ಎದುರಿಗೇ ಇರುವಾಗ ಡಬ್ಬಿ ಯಾಕೆ ಕೇಳ್ತೀಯ?” ಎಂದರು.

ಆಪರೇಷನ್ ಆಯಿತು. ಅಪ್ಪ ಕುತ್ತಿಗೆಗೆ ಬ್ಯಾಂಡೇಜು ಸುತ್ತಿಸಿಕೊಂಡು, ಕೈಯಲ್ಲಿ ಒಂದು ಸ್ಲೇಟು ಹಿಡಿದು ಮನೆಗೆ ಬಂದರು. ಮರುದಿನ ಅವರು ಮಲಗಿದ್ದಾಗ ನಾನು ಕ್ಯಾಮೆರಾವನ್ನು ಟಿವಿಗೆ ಸಿಕ್ಕಿಸಿದೆ. ಅಪ್ಪನ ತುಟಿ ಆಡುತ್ತಿತ್ತು, ಹುಬ್ಬು ಕುಣಿಯುತ್ತಿತ್ತು. ದನಿಯ ಜಾಗದಲ್ಲಿ ಕರಕರ ಶಬ್ದ, ಅದರ ಹಿಂದೆ ಗೋಡೆಯಾಚೆ ಯಾರೋ ಮಾತಾಡಿದಂತೆ ಒಂದು ಮಬ್ಬು ಗುಂಯ್. ಹತ್ತು ದಿನದ್ದೂ ಅಷ್ಟೇ. ನಾನು ನೆಲದ ಮೇಲೆ ಕೂತುಬಿಟ್ಟೆ.

ಅಂಗಡಿಗೆ ಹೋದದ್ದು ಜಗಳಕ್ಕೇ. “ಮೂಗಿ ಕ್ಯಾಮೆರಾ ಕೊಟ್ಟಿದೀರಿ ನನಗೆ! ಅಗ್ಗದ್ದು ಅಂತ ಕಟ್ಟಿ ಕಳಿಸಿದ್ರಲ್ಲ!”

ಅವನು ಮಾತಿಗೆ ಮಾತು ಬೆಳೆಸಲಿಲ್ಲ. ತನ್ನ ಕೈಯಲ್ಲಿ ಹಿಡಿದು ಒಂದು ನಿಮಿಷ ಚಿತ್ರ ತೆಗೆದು ಹಾಕಿದ. ನನ್ನ ಬೈಗುಳ ಅಕ್ಷರ ಬಿಡದೆ ಕೇಳಿಸಿತು.

“ನೀವು ಒಂದು ಸಲ ಹಿಡಿದು ತೋರಿಸಿ ಮೇಡಂ.”

ಹಿಡಿದೆ. ಅವನು ನನ್ನ ಎಡಗೈ ತೋರುಬೆರಳನ್ನು ಮುಟ್ಟದೆ ತೋರಿಸಿದ. ಹೊಲಿಯುವಾಗ ಬಟ್ಟೆ ಜಾರದಂತೆ ಮುಂದಿನಿಂದ ಬೆರಳು ಒತ್ತಿ ಹಿಡಿಯುವುದು ನನ್ನ ಎಂಟು ವರ್ಷದ ಅಭ್ಯಾಸ. ಕ್ಯಾಮೆರಾವನ್ನೂ ಹಾಗೇ ಒತ್ತಿದ್ದೆ. ಬೆರಳು ಎತ್ತಿದಾಗ ಲೆನ್ಸಿನ ಕೆಳಗೆ ಸೂಜಿಮೊನೆಯಷ್ಟು ತೂತು ಕಂಡಿತು.

“ಮೈಕು ಅದೇ,” ಎಂದ ಮೆಲ್ಲಗೆ. “ತಪ್ಪು ನಂದು. ಕಲಿಸೋವಾಗ ನಿಮ್ಮ ಕೈ ನೋಡ್ಬೇಕಿತ್ತು, ನೋಡ್ಲಿಲ್ಲ.”

“ಮತ್ತೇನು ನೋಡ್ತಿದ್ರಿ?”

ಅವನ ಕಿವಿ ಮತ್ತೆ ಕೆಂಪಾಯಿತು. ನನ್ನ ಕಣ್ಣು ಮಾತ್ರ ಆ ತೂತಿನ ಮೇಲಿತ್ತು. ಅಪ್ಪನ ದನಿಯನ್ನು ನನ್ನ ಬೆರಳೇ ಮುಚ್ಚಿತ್ತು. ಕಟ್ಟಪ್ಪಣೆ ಮುರಿದು ಎಲ್ಲ ಹೇಳಿಬಿಟ್ಟೆ: ಮೈಕು, ಮೂವತ್ತೊಂದು ವರ್ಷ, ಆಪರೇಷನ್, ಸ್ಲೇಟು. ಹೇಳುತ್ತಾ ಹೇಳುತ್ತಾ ಕೊರಳಲ್ಲಿದ್ದ ಟೇಪಿನಿಂದಲೇ ಕಣ್ಣು ಒರೆಸಿಕೊಂಡೆ.

ಅವನು ಡ್ರಾಯರ್ ಎಳೆದು ಟ್ರಯಲ್‌ಗೆ ಇಡುತ್ತಿದ್ದ ಕಪ್ಪು ಕ್ಯಾಮೆರಾ ತೆಗೆದ.

“ಗಿರಾಕಿಗಳು ಇದರಲ್ಲಿ ತೆಗೆದದ್ದನ್ನೆಲ್ಲ ದಿನಾ ಸಂಜೆ ಅಳಿಸ್ಬೇಕು. ಅಂಗಡಿ ರೂಲು. ನೀವು ಬಂದ ದಿನದ್ದು ಮಾತ್ರ ಅಳಿಸಿಲ್ಲ.”

“ಯಾಕೆ?”

“ಮೊದಲು ಕೇಳಿ. ಬೈಯೋದು ಆಮೇಲೆ ಬೈಯಿರಿ.”

ಎರಡು ಇಂಚಿನ ಪರದೆಯಲ್ಲಿ ನಾನು ಕೈ ಆಡಿಸಿ ಜಗಳ ಆಡುತ್ತಿದ್ದೆ. ಅವನು ಸೆಲ್ಲು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. ಕ್ಯಾಮೆರಾ ಅಪ್ಪನ ಕೈಯಲ್ಲಿತ್ತಲ್ಲ, ಅವರ ದನಿಯೇ ಎಲ್ಲರಿಗಿಂತ ಹತ್ತಿರ. ಅಂಚು ಹರಿದ ದನಿ, ಆದರೂ ಅಪ್ಪನದೇ.

“ಪ್ರಯಾಣಿಕರ ಗಮನಕ್ಕೆ. ಸಿಡುಕಮ್ಮ ಎಕ್ಸ್‌ಪ್ರೆಸ್ ಒಂದನೇ ಪ್ಲಾಟ್‌ಫಾರಂಗೆ ಬಂದು ನಿಂತಿದೆ. ಹಾರ್ನ್ ಜೋರು, ಗಾಡಿ ಒಳ್ಳೆಯದು. ಕೌಂಟರಿನ ಹಿಂದಿರುವ ಪ್ರಯಾಣಿಕರು ಬಾಯಿ ಬಿಟ್ಟುಕೊಂಡು ನಿಲ್ಲದೆ ಬೇಗ ಹತ್ತಬೇಕಾಗಿ ವಿನಂತಿ. ಈ ಪ್ರಕಟಣೆ ಮತ್ತೆ ಇರುವುದಿಲ್ಲ.”

ಇನ್ನೂ ಆರು ನಿಮಿಷವಿತ್ತು. ಗೊಣಗು, ಕೆಮ್ಮು, ನಗು. ಕೊನೆಯಲ್ಲಿ, “ಸಿಡುಕಮ್ಮಾ, ಹೊಟ್ಟೆ ಹಸೀತಿದೆ ಕಣೇ, ಬೇಗ ಮುಗ್ಸು.” ಆ ಒಂದು ಮಾತನ್ನು ನಾಲ್ಕು ಸಲ ಹಾಕಿಸಿಕೊಂಡೆ. ಬಸ್ಸುಗಳ ಹೆಸರು ಹೋದರೆ ಹೋಗಲಿ ಎನಿಸಿತು. ನನಗೆ ಬೇಕಾಗಿದ್ದ ದನಿ ಇದೇ ಆಗಿತ್ತು.

“ಇದನ್ನ ಎಷ್ಟು ದಿನದಿಂದ ನೋಡ್ತಿದೀರಾ?” ಎಂದೆ, ಮೂಗು ಒರೆಸಿಕೊಂಡು.

“ದಿನಾ. ನಮ್ಮ ಓನರ್‌ಗೆ ಕೇಳಿಸಬಾರದು ಅಂತ ಸೌಂಡ್ ಕಮ್ಮಿ ಮಾಡಿ.”

“ಹತ್ತಿ ಅಂತ ಅಪ್ಪ ಅಷ್ಟು ಸ್ಪಷ್ಟವಾಗಿ ಹೇಳಿದಾರಲ್ಲ?”

“ಅವರು ಹೇಳಿದ್ರೆ ಸಾಕಾ? ನೀವು ಹೇಳ್ಬೇಕಲ್ಲ.” ಮೇಜಿನ ಗಾಜನ್ನು ಸುಮ್ಮನೆ ಒರೆಸಿದ. ಆಮೇಲೆ ಒಂದೇ ಉಸಿರಿಗೆ, “ನನಗೆ ನೀವು ಇಷ್ಟ. ಕೇಳಿಸ್ತಾ? ಬೆರಳು ಅಡ್ಡ ಇಲ್ಲ ತಾನೇ?”

ಎಷ್ಟೋ ದಿನದ ಮೇಲೆ ನನಗೆ ನಗು ಬಂತು. ಎದೆ ಮಾತ್ರ ಹೊಲಿಗೆ ಮಿಷಿನ್ನಿನ ಹಾಗೆ ಓಡುತ್ತಿತ್ತು.

“ಜೂಮ್ ಬೇಡ ಅಂದವರು ನೀವೇ ಅಲ್ವಾ? ಎರಡು ಹೆಜ್ಜೆ ಮುಂದೆ ಬನ್ನಿ. ನಮ್ಮ ಮನೆ ತನಕ. ಆ ಕ್ಯಾಮೆರಾನೂ ತನ್ನಿ.”

ತನ್ನ ಓನರ್‌ಗೆ ಹೇಳಿ ಅವನು ಹೊರಟುಬಂದ. ಅಪ್ಪ ಕಿಟಕಿಯ ಪಕ್ಕ ಕೂತಿದ್ದರು. ಕಪ್ಪು ಕ್ಯಾಮೆರಾವನ್ನು ಅವರ ಕಿವಿಯ ಹತ್ತಿರ ಹಿಡಿದೆ, ಈ ಸಲ ಬೆರಳನ್ನು ದೂರವಿಟ್ಟು. ತಮ್ಮ ದನಿ ಕೇಳುತ್ತಲೇ ಅವರ ಕೈ ತಾನಾಗಿ ಗಂಟಲಿಗೆ ಹೋಯಿತು. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಸ್ಲೇಟು ಎಳೆದುಕೊಂಡು ಬರೆದರು: ‘ಹತ್ತಿದನಾ?’

ಲೆನ್ಸಪ್ಪ ಹೊಸ್ತಿಲ ಆಚೆ, ಬಿಚ್ಚಿದ ಷೂಗಳನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ.

“ಇನ್ನೂ ಬಾಗಿಲಲ್ಲೇ ನೇತಾಡ್ತಿದಾರಪ್ಪ.”

ಅಪ್ಪ ಭುಜ ಕುಲುಕಿಸಿ ನಕ್ಕರು. ತೋಳಿನಿಂದ ಸ್ಲೇಟು ಒರೆಸಿ ಮತ್ತೆ ಬರೆದು ನನ್ನತ್ತ ಹಿಡಿದರು: ‘ಸೀಟು ಕೊಡು.’

ಹೊಲಿಗೆ ಮಿಷಿನ್ನಿನ ಮುಂದಿದ್ದ ನನ್ನ ಸ್ಟೂಲನ್ನು ಎಳೆದು ಕೊಟ್ಟೆ. ಹದಿನಾರು ವರ್ಷವಾಯಿತು, ಇವರು ಇನ್ನೂ ಇಳಿದಿಲ್ಲ.